ಬಾಗಿಲಲ್ಲಿ ಕಲೆ ಬಿಡದ ಗಾಡಿ

ಗಂಡನ ಶವವನ್ನು ಹೊತ್ತ ಗಾಡಿ ಹೊರಟುಹೋದ ಮೇಲೆ ಬಾಗಿಲ ಮುಂದೆ ಉಳಿದದ್ದು ತಟ್ಟೆಯಗಲದ ಎಣ್ಣೆ ಕಲೆ. ಆಕೆ ಅದನ್ನು ಸೋಪಿನಲ್ಲಿ ತಿಕ್ಕಿದರು, ಬೂದಿಯಲ್ಲಿ ತಿಕ್ಕಿದರು, ಇಟ್ಟಿಗೆ ಪುಡಿಯಲ್ಲೂ ತಿಕ್ಕಿದರು. ಸಮಾಧಾನ ಹೇಳಲು ಬಂದವರೆಲ್ಲ ಹೇಳಿ ಹೋದರು, ಕಲೆ ಮಾತ್ರ ಹೋಗಲಿಲ್ಲ. ತಲೆ ತಗ್ಗಿಸಿಕೊಂಡು ನೋಡಲು ಬಂದ ಗಾಡಿಯ ಚಾಲಕನಿಗೆ ಆಕೆ ಆ ದಿನ ಹೇಳಿದ್ದು ಇಷ್ಟೇ: "ಗಾಡಿ ತಗೊಂಡು ಬಾ ಅಣ್ಣ. ಇನ್ನೊಬ್ಬರ ಬಾಗಿಲಲ್ಲಿ ಇದು ಹೀಗೆ ಕಲೆ ಮಾಡೋಕೆ ನಾನು ಬಿಡಲ್ಲ."

ಅದು ಬಹಳ ವರ್ಷಗಳ ಹಿಂದಿನ ಮಾತು. ಈಗ ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ತಗಡಿನ ಷೆಡ್ಡಿನೊಳಗೆ ಅದೇ ಹಳೆಯ ಶವವಾಹನ ನಿಂತಿದೆ. ಅದರ ಅಡಿಯಿಂದ ಎರಡು ಕಾಲುಗಳು ಹೊರಗೆ ಚಾಚಿಕೊಂಡಿವೆ. ಆ ಕಾಲುಗಳು ಆಕೆಯವೇ. ಊರು ಈಗ ಆಕೆಯನ್ನು ಕರೆಯುವುದು ಪೌಡರಕ್ಕ ಎಂದು.

ಹೆಸರು ಸುಮ್ಮನೆ ಬಂದದ್ದಲ್ಲ. ಎಣ್ಣೆ ಸೋರುವ ಇಂಜಿನ್ನು ಬಂದರೆ ಅವರು ಮೊದಲು ಸೀಮೆಎಣ್ಣೆಯಲ್ಲಿ ಅದರ ಮೈ ತೊಳೆಯುತ್ತಾರೆ, ಬಟ್ಟೆಯಲ್ಲಿ ಒರೆಸುತ್ತಾರೆ, ಆಮೇಲೆ ಮುಖಕ್ಕೆ ಹಚ್ಚುವ ಪೌಡರನ್ನು ಮೈತುಂಬ ಉದುರಿಸಿ ಚಾಲೂ ಮಾಡುತ್ತಾರೆ. ಎಲ್ಲಿ ಸೋರುತ್ತದೋ ಅಲ್ಲಿ ಬಿಳಿಯ ಮೇಲೆ ಕಪ್ಪು ಗೆರೆ ಇಳಿಯುತ್ತದೆ. ಹುಟ್ಟಿದಾರಭ್ಯ ತನ್ನ ಮುಖಕ್ಕೆ ಒಂದು ಚಿಟಿಕೆ ಹಾಕಿಕೊಂಡವಳಲ್ಲ, ಡಬ್ಬಿಗಟ್ಟಲೆ ಇಂಜಿನ್ನಿಗೆ ಸುರಿಯುತ್ತಾಳೆ ಎಂದು ಅತ್ತೆಯ ತಕರಾರು. ಹಾಗೆಂದು ಪೇಟೆಗೆ ಹೋದಾಗ ಪೌಡರ್ ತರಲು ಮರೆಯುವವರಲ್ಲ ಆ ಅತ್ತೆ.

ಗಾಡಿ ರಿಪೇರಿಯ ಕಸುಬು ಗಂಡನದು. ಊಟದ ಡಬ್ಬಿ ತರುತ್ತಿದ್ದ ಹೆಂಡತಿ ಮೊದಲು ಟಾರ್ಚು ಹಿಡಿದರು, ಆಮೇಲೆ ಸ್ಪ್ಯಾನರ್ ಹಿಡಿದರು. ಕೆಳಗೆ ಬಿದ್ದ ಎಣ್ಣೆಯನ್ನು ನಂಬಬೇಡ, ಅದು ಮೇಲಿಂದ ಇಳಿದು ಗಾಳಿಗೆ ಹಿಂದೆ ಹರಿದು ಎಲ್ಲೋ ತೊಟ್ಟಿಕ್ಕುತ್ತದೆ ಎನ್ನುವುದು ಗಂಡ ಹೇಳಿಕೊಟ್ಟ ಮೊದಲ ಪಾಠ. ಅವರು ಹೋದ ಮೇಲೆ ಸಾಮಾನು ಕೊಳ್ಳುತ್ತೇವೆಂದು ಜನ ಬಂದರು. ಪೌಡರಕ್ಕ ಮಾರಲಿಲ್ಲ. ಹೆಂಗಸಿನ ಕೈಗೆ ಗಾಡಿ ಕೊಡುವುದು ಹೇಗೆ ಎಂದು ಗೊಣಗಿದವರು ಈಗ ಷೆಡ್ಡಿನ ಮುಂದಿನ ಬೆಂಚಿನಲ್ಲಿ ಸರದಿ ಕಾಯುತ್ತಾರೆ. ದಿನಕ್ಕೆ ಎರಡು ಮೂರು ಗಾಡಿ, ಎಲ್ಲವೂ ಹಳೆಯವೇ. ಬೆನ್ನು ಮಾತ್ರ ಸಂಜೆ ಹೊತ್ತಿಗೆ ನೆಟ್ಟಗಾಗಲು ಒಪ್ಪುವುದಿಲ್ಲ.

ಶವವಾಹನ ಇಷ್ಟು ವರ್ಷ ಒಂದು ತೊಟ್ಟೂ ಬೀಳಿಸಿರಲಿಲ್ಲ. ಕಳೆದ ತಿಂಗಳಿಂದ ಅದಕ್ಕೇನೋ ಬಂದಿದೆ. ಎರಡು ಮನೆಗಳ ಮುಂದೆ ಕಲೆ ಬಿಟ್ಟಿತು. ಸುದ್ದಿ ಕಿವಿಗೆ ಬಿದ್ದದ್ದೇ ಪೌಡರಕ್ಕ ಮರದ ಹೊಟ್ಟು, ಬ್ರಷ್ಷು ಹಿಡಿದು ಎರಡೂ ಮನೆಗಳಿಗೆ ಹೋಗಿ, ಅಳುತ್ತಿದ್ದವರ ಬಾಗಿಲಲ್ಲಿ ಮಂಡಿಯೂರಿ ತಿಕ್ಕಿ ಬಂದರು. ಆದರೆ ಗಾಡಿ ನಡೆಸುವ ಸಂಘದ ಕಾರ್ಯದರ್ಶಿಗೆ ದೂರು ಮುಟ್ಟಿತ್ತು. ಇನ್ನೊಂದು ಸಲ ಹೀಗಾದರೆ ಗಾಡಿ ಗುಜರಿಗೆ ಎಂದು ಅವರು ಹೇಳಿಬಿಟ್ಟಿದ್ದಾರೆ. ಗಾಡಿ ಹೋದರೆ ಚಾಲಕನೂ ಮನೆಗೆ. ತಲೆ ನರೆತ ಆತನಿಗೆ ಬೇರೆ ಗಾಡಿ ಯಾರೂ ಕೊಡುವುದಿಲ್ಲ.

ಪೌಡರಕ್ಕ ಇಂಜಿನ್ನಿನ ಅಡಿಯ ಸಂದಿ ಮುಚ್ಚುವ ಪ್ಯಾಕಿಂಗ್ ಬದಲಿಸಿದರೆ ಮೇಲೆ ಸೋರಿತು. ಮೇಲಿನದು ಬದಲಿಸಿದರೆ ಹಿಂದೆ. ಒಂದು ಕಡೆ ಒಡ್ಡು ಕಟ್ಟಿದರೆ ಇನ್ನೊಂದು ಕಡೆ ಕೋಡಿ. ಇಂದು ಬೆಳಿಗ್ಗೆ ಪೌಡರ್ ಉದುರಿಸಿ ಚಾಲೂ ಮಾಡಿದರೆ ಗೆರೆ ಒಂದಲ್ಲ, ಇಂಜಿನ್ನಿನ ಮೈಯೆಲ್ಲ ಬೆವೆತಂತೆ ಕಪ್ಪು. ಎಲ್ಲ ಕಡೆಯಿಂದಲೂ ಸೋರುತ್ತಿದೆ ಎಂದರೆ ಯಾವ ಕಡೆಯದೂ ತಪ್ಪಲ್ಲ. ಎಣ್ಣೆ ತುಂಬುವ ಮುಚ್ಚಳ ತೆಗೆದು ಅಂಗೈ ಹಿಡಿಯುತ್ತಾರೆ. ಒಳಗಿಂದ ಗಾಳಿ ಬುಸ್ಸೆಂದು ಕೈಗೆ ಹೊಡೆಯುತ್ತದೆ.

ಇಂಜಿನ್ನಿಗೂ ಉಸಿರು ಬಿಡಲು ಒಂದು ಕೊಳವೆ ಇರುತ್ತದೆ. ಅದರೊಳಗೆ ತಂತಿ ತೂರಿಸಿ ಎಳೆದರೆ ಎಣ್ಣೆ ಕುಡಿದು ಉಬ್ಬಿದ ಚೌಕಳಿ ಬಟ್ಟೆಯ ಉಂಡೆ ಹೊರಬರುತ್ತದೆ. ಬೆಂಚಿನ ಮೇಲೆ ಕೂತ ಚಾಲಕನ ಹೆಗಲಿನ ಟವೆಲ್ಲೂ ಚೌಕಳಿಯದೇ, ಅರ್ಧ ಹರಿದದ್ದು.

ಚಾಲಕ ಎದ್ದು ನಿಲ್ಲುತ್ತಾನೆ. ಈ ಗಾಡಿಯ ಇಂಜಿನ್ನು ಚಾಲಕನ ಪಕ್ಕದಲ್ಲೇ ಇದೆ. ಕೊಳವೆಯ ಹೊಗೆ ಒಳಗೆ ಬರುತ್ತದೆ. ಕಳೆದ ತಿಂಗಳು ಮಗನ ಶವದ ಪಕ್ಕ ಕೂತಿದ್ದ ಒಬ್ಬ ತಾಯಿ ದಾರಿಯುದ್ದಕ್ಕೂ ಕೆಮ್ಮಿದರಂತೆ.

"ಅಳೋರಿಗೆ ಹೊಗೆ ಬೇರೆ ಯಾಕೆ ಅಂತ ಮುಚ್ಚಿದೆ ಕಣಕ್ಕ," ಎನ್ನುತ್ತಾನೆ ಆತ, ನೆಲ ನೋಡುತ್ತ.

ಪೌಡರಕ್ಕ ಉಂಡೆಯನ್ನು ತಿರುಗಿಸಿ ನೋಡುತ್ತಾರೆ. "ನಿನ್ನ ಮೂಗು ಬಾಯಿ ಎರಡೂ ಮುಚ್ಚಿದ್ರೆ ನೀನು ಸುಮ್ನೆ ಇರ್ತಿದ್ಯಾ? ಇದೂ ಎಲ್ಲಿ ಸಂದಿ ಸಿಕ್ತೋ ಅಲ್ಲಿಂದ ಉಗುಳ್ತು. ಮನಸ್ಸೇನೋ ಬೆಣ್ಣೆ ಅಣ್ಣ ನಿಂದು. ಕೈಯನ್ನ ಮಾತ್ರ ಜೇಬಲ್ಲಿ ಇಟ್ಕೋ."

ಬಯ್ಗುಳ ಅಷ್ಟಕ್ಕೇ ಮುಗಿಯುತ್ತದೆ. ಆತ ಹೊಗೆ ಬೇಡ ಎಂದದ್ದರಲ್ಲಿ ತಪ್ಪೇನಿದೆ ಎಂದು ತಮಗೆ ತಾವೇ ಹೇಳಿಕೊಳ್ಳುತ್ತ ಅವರು ಮತ್ತೆ ಗಾಡಿಯ ಅಡಿಗೆ ತೂರುತ್ತಾರೆ. ಕೊಳವೆಯ ಬಾಯಿಗೆ ಉದ್ದನೆಯ ರಬ್ಬರ್ ಪೈಪು ಸಿಕ್ಕಿಸಿ, ಗಾಡಿಯ ಚೌಕಟ್ಟಿನ ಗುಂಟ ಎಳೆದು, ಹಿಂದಿನ ಬಂಪರಿನ ಆಚೆ ಬಿಡುತ್ತಾರೆ. ಇನ್ನು ಹೊಗೆ ರಸ್ತೆಗೆ ಹೋಗುತ್ತದೆ, ಕೂತವರಿಗೆ ತಾಗುವುದಿಲ್ಲ. ಇಂಜಿನ್ನು ತೊಳೆದು, ಮತ್ತೆ ಪೌಡರ್ ಉದುರಿಸಿ, ಮತ್ತೆ ಚಾಲೂ. ಬಿಳಿ ಬಿಳಿಯಾಗಿಯೇ ಇರುತ್ತದೆ.

ಮಧ್ಯಾಹ್ನಕ್ಕೆ ಕರೆ ಬರುತ್ತದೆ. ಇಕ್ಕಟ್ಟಿನ ಬೀದಿಯ ಕೊನೆಯ ಮನೆ, ತೀರಿಕೊಂಡವರು ವಯಸ್ಸಾದ ದರ್ಜಿ. ಷೆಡ್ಡಿನಲ್ಲಿ ನೋಡಿದ್ದು ಸಾಲದು, ಬಾಗಿಲಲ್ಲಿ ನೋಡಬೇಕು ಎಂದು ಪೌಡರಕ್ಕ ಕೈ ತೊಳೆದು ಗಾಡಿ ಹತ್ತುತ್ತಾರೆ. ಅವರು ಇದರಲ್ಲಿ ಕೂರುತ್ತಿರುವುದು ಗಂಡ ಹೋದ ದಿನದ ನಂತರ ಇದೇ ಮೊದಲು.

ದೂರದಿಂದ ಬರುವ ಮಗಳಿಗಾಗಿ ಗಾಡಿ ಮನೆಯ ಮುಂದೆ ಬಹಳ ಹೊತ್ತು ಕಾಯುತ್ತದೆ. ಪೌಡರಕ್ಕ ಎದುರು ಗೋಡೆಗೆ ಒರಗಿ ಚಕ್ರಗಳ ನಡುವಿನ ನೆಲವನ್ನೇ ನೋಡುತ್ತಿರುತ್ತಾರೆ. ಮಗಳು ಬರುತ್ತಾಳೆ. ಶವವನ್ನು ಎತ್ತಿ ಮಲಗಿಸುತ್ತಾರೆ, ಗಾಡಿ ನಿಧಾನವಾಗಿ ತಿರುವು ದಾಟುತ್ತದೆ. ಆಗ ಅವರು ಗಾಡಿ ನಿಂತಿದ್ದ ಜಾಗಕ್ಕೆ ಹೋಗಿ ಬಗ್ಗುತ್ತಾರೆ, ಕಲ್ಲುಹಾಸಿನ ಮೇಲೆ ಅಂಗೈ ಆಡಿಸುತ್ತಾರೆ.

ಆ ಮನೆಯ ಹೆಂಗಸೊಬ್ಬರು ಹತ್ತಿರ ಬಂದು, ಏನು ಹುಡುಕುತ್ತಿದ್ದೀರಿ ಎಂದು ಕೇಳುತ್ತಾರೆ.

"ಏನೂ ಇಲ್ಲಮ್ಮ," ಎನ್ನುತ್ತಾರೆ ಪೌಡರಕ್ಕ. "ನೀವು ಒಳಗೆ ಹೋಗಿ."

ಅಂಗೈಗೆ ಎಣ್ಣೆ ಹತ್ತಿಲ್ಲ. ಅಂದು ಚಾಲಕನಿಗೆ ಕೊಟ್ಟು, ಎರಡು ಬಾಗಿಲಲ್ಲಿ ಮುರಿದ ಮಾತು ಈ ಬಾಗಿಲಲ್ಲಿ ಉಳಿದಿದೆ.