ಇತ್ತ ಅಕ್ಕೋರು, ಅತ್ತ ಬಾಯಿ

ಅವರ ಉಗುರುಸಂದಿಯಲ್ಲಿ ಗೋಧಿಹಿಟ್ಟು ಒಣಗಿರುತ್ತಿತ್ತು. ಅಡುಗೆಯದಲ್ಲ, ಪಾಠದ್ದು. ಖಂಡಗಳ ಪಾಠವಿದ್ದ ದಿನ ಡಬ್ಬಿಯಲ್ಲಿ ನಾದಿದ ಕಣಕ ತರುತ್ತಿದ್ದರು. ನಿಪ್ಪಾಣಿಯ ನಮ್ಮ ಕಂಪೌಂಡಿನಲ್ಲಿ ಕನ್ನಡ ಶಾಲೆ, ಮರಾಠಿ ಶಾಲೆ ಎರಡೂ ಇದ್ದವು. ಎರಡಕ್ಕೂ ಭೂಗೋಳ ಕಲಿಸುವವರು ಅವರೊಬ್ಬರೇ. ಇತ್ತಲಿನ ಮಕ್ಕಳಿಗೆ ‘ಅಕ್ಕೋರು’, ಅತ್ತಲಿನವರಿಗೆ ಮರಾಠಿ ರೂಢಿಯಂತೆ ‘ಬಾಯಿ’.

ನಾನು ಕನ್ನಡ ಶಾಲೆಯ ಗಣಿತದ ಮಾಸ್ತರ. ಅವರ ಮುಂದಿನ ತಾಸು ನನ್ನದಾದ್ದರಿಂದ ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. ಒಂದು ಉಂಡೆಯನ್ನು ಇನ್ನೊಂದಕ್ಕೆ ಒತ್ತುವರು. ಅಂಚು ಉಬ್ಬಿ ಗುಡ್ಡವಾಗುವುದು. ಇನ್ನೂ ಒತ್ತಿದರೆ ಒಂದು ಚೂರು ಸೀಳಿ ಪಕ್ಕಕ್ಕೆ ಜಾರುವುದು.

“ಅರಬಸ್ತಾನ ಬಂದು ಗುದ್ದಿದ್ರ ಟರ್ಕಿ ದೇಶದ ನೆಲ ಎಲ್ಲಿಗಿ ಹೋಗಬೇಕು? ಸೀಳಿಕೊಂಡು ಪಶ್ಚಿಮಕ್ಕ ಸರಿಯಾಕತ್ತೈತಿ. ಈಗ ಅದ ಒಂದು ಬ್ಯಾರೆ ಭೂಫಲಕ. ಆ ಸೀಳಿಗೆ ಫಾಲ್ಟ್ ಅಂತಾರ.”

“ಫಾಲ್ಟ್ ಯಾರದ್ರೀ ಅಕ್ಕೋರ?”

“ಭೂಮ್ಯಾಗ ಯಾರದೂ ಅಲ್ಲಲೇ. ಊರಾಗಿಂದು ಬ್ಯಾರೆ.”

ಮಕ್ಕಳು ನಕ್ಕರು, ನಾನು ಬಾಗಿಲಿನಿಂದ ಒಳಗೆ ಬಂದೆ. “ನಿಪ್ಪಾಣಿಗೇನರ ಆಗತೈತೇನ್ರಿ?” ಎಂದೆ.

“ಖಂಡ ಸರಿಯೂದು ವರ್ಷಕ್ಕ ಉಗುರು ಬೆಳದಷ್ಟ್ರಿ ಮಾಸ್ತರ. ಅದು ಇಲ್ಲಿಗಿ ಬರೂದ್ರಾಗ ನೀವು ಚಿಂತಿ ಮಾಡೇ ಹೋಗಿರ್ತೀರಿ. ಚಾ ಕುಡೀರಿ.”

ಮಕ್ಕಳು ಕಡಿಮೆಯಾಗಿ ಎರಡೂ ಶಾಲೆಗಳನ್ನು ಒಂದು ಮಾಡಿದರು. ಒಬ್ಬ ಶಿಕ್ಷಕರು ‘ಹೆಚ್ಚುವರಿ’, ತೆಗೆಯಬೇಕು ಎಂದರು. ಆ ಒಬ್ಬ ನಾನೇ ಎಂದು ಲೆಕ್ಕಹಾಕಿಕೊಂಡೆ. ಸಭೆಯಲ್ಲಿ ಎರಡೂ ಆಡಳಿತ ಮಂಡಳಿಯವರು ಎದುರುಬದುರು ಕೂತರು, ಪ್ರತಿಯೊಬ್ಬರೂ ತಮ್ಮವರನ್ನು ಉಳಿಸಿಕೊಳ್ಳಲು.

“ಭೂಗೋಳದವ್ರು ಮರಾಠಿ ಸಾಲಿಯವ್ರು,” ಎಂದರು ನಮ್ಮವರು.

“ಮನ್ಯಾಗ ಕನ್ನಡಾನ ಮಾತಾಡ್ತಾರ. ನಿಮ್ಮವ್ರ ಅವ್ರು,” ಎಂದರು ಮರಾಠಿ ಮಂಡಳಿಯವರು.

ಅಕ್ಕೋರು ಅಲ್ಲೇ ಕೂತಿದ್ದರು. “ಹಂಗಾರ ನಾ ಯಾರಕಿನೂ ಅಲ್ಲ. ಚಲೋ ಆತು, ಎರಡ ಕಡೆ ಹಾಜರಿ ಹಾಕೂದು ತಪ್ಪಿತು,” ಎಂದು ಎದ್ದರು. ಯಾರೂ ತಡೆಯಲಿಲ್ಲ. ನಾನು ಉಳಿದದ್ದು ಜಾಣತನದಿಂದಲ್ಲ, ಮರಾಠಿ ಬಾರದ್ದರಿಂದ; ನನ್ನನ್ನು ಅತ್ತಲಿನವನೆಂದು ಯಾರೂ ದೂಡುವಂತಿರಲಿಲ್ಲ. ಭೂಗೋಳವೂ ನನ್ನ ಕೊರಳಿಗೇ ಬಿತ್ತು. ಪುಸ್ತಕ ಓದಿ ಹೇಳುತ್ತೇನೆ, ಮಕ್ಕಳು ಆಕಳಿಸುತ್ತಾರೆ.

ಅಕ್ಕೋರು ತವರೂರು ಭೋಜಕ್ಕೆ ಹೋದರು. ಬೇರೆಲ್ಲೂ ಕೆಲಸ ಸಿಗಲಿಲ್ಲ. ಹೋದ ಬೇಸಿಗೆಯಲ್ಲಿ ಎದೆನೋವಿನಿಂದ ತೀರಿಕೊಂಡರು.

ಮರುದಿನ ಶಾಲೆಯ ಗೇಟಿಗೆ ಎರಡು ಶ್ರದ್ಧಾಂಜಲಿ ಫ್ಲೆಕ್ಸ್ ಬಂದವು, ಒಂದು ಕನ್ನಡದ್ದು, ಒಂದು ಮರಾಠಿಯದು. ಯಾವುದು ಮೇಲೆ ಕಟ್ಟಬೇಕೆಂದು ಜಗಳ. “ಅವ್ರು ನಮ್ಮವ್ರು!” ಎಂದು ಎರಡೂ ಕಡೆಯಿಂದ ಕೂಗು. ಎರಡರಲ್ಲೂ ಇದ್ದದ್ದು ಒಂದೇ ಫೋಟೊ: ಗುರುತಿನ ಚೀಟಿಯದು, ಕೆಲಸದಿಂದ ತೆಗೆದ ದಿನ ಅವರ ಕೊರಳಿನಿಂದ ಬಿಚ್ಚಿಸಿ ಇಟ್ಟುಕೊಂಡದ್ದು.