ಕಡಲುಪ್ಪು ತಿಂದ ಇಂಜಿನ್

ನನ್ನ ತಂಗಿ ದೋಣಿಯ ಇಂಜಿನ್ನನ್ನು ಕೌದಿಯಲ್ಲಿ ಸುತ್ತಿ ಬಸ್ಸಿನಲ್ಲಿ ತಂದಳು. ಮಸ್ಕಿಯ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರೂ ನಾನೂ ಸೇರಿ ಇಳಿಸಿದೆವು. ಸಿಂಧನೂರು ರಸ್ತೆಯ ನನ್ನ ಶೆಡ್ಡಿಗೆ ಬರುವವೆಲ್ಲ ಗದ್ದೆಗೆ ನೀರೆತ್ತುವ ಇಂಜಿನ್ನುಗಳು. ದೋಣಿಯದು ಅದೇ ಮೊದಲು. ಹೆಂಡತಿ ತೀರಿಕೊಂಡ ಮೇಲೆ ನಾನು ಆ ಶೆಡ್ಡಿನ ಹಿಂದಿನ ಕೋಣೆಯಲ್ಲೇ ಇದ್ದೇನೆ. ಗಿರಾಕಿಗಳು ಹೋದರೆಂದರೆ ಆ ದಿನದ ಮಾತು ಮುಗಿಯಿತು.

ತಂಗಿಯ ಗಂಡ ಲಿಂಗಸುಗೂರು ಕಡೆಯ ಹೊಳೆದಂಡೆಯವನು. ಮೀನು ಹಿಡಿಯುತ್ತ ಹಿಡಿಯುತ್ತ ಕೃಷ್ಣೆಯನ್ನು ಬಿಟ್ಟು ಕಾರವಾರದ ಕಡಲಿಗೇ ಹೋದ ಪುಣ್ಯಾತ್ಮ. ಅಲ್ಲಿ ದೋಣಿ ಅಲೆಗೆ ಮಗುಚಿತ್ತು. ಅವನು ಈಜಿ ಬಂದ. ಇಂಜಿನ್ನನ್ನು ಮರುದಿನ ಎತ್ತಿದರು.

"ಇದು ಚಾಲೂ ಆದ್ರ ಅಲ್ಲೇ ಇರ್ತೀವಿ ಅಣ್ಣಾ. ಆಗಲಿಲ್ಲಂದ್ರ ದೋಣಿ ಮಾರಿ ಸಿಂಧನೂರಿಗೆ ಹೋಗೂನು, ರೈಸ್ ಮಿಲ್ಲಿನ್ಯಾಗ ದುಡಿಯೂನು ಅಂದಾರ," ಎಂದಳು. ಅವಳಿಗೆ ಕಡಲು ಬಿಡುವ ಮನಸ್ಸಿರಲಿಲ್ಲ. ನನಗೋ, ಸಿಂಧನೂರು ಎಂದ ಕೂಡಲೇ ಎದೆಯಲ್ಲಿ ಹಬ್ಬ. ಬೇಕೆಂದಾಗ ಬಂದು ಹೋಗುವಷ್ಟು ಹತ್ತಿರ.

ಮುಚ್ಚಳ ಬಿಚ್ಚಿದರೆ ಒಳಗೆಲ್ಲ ಬೆಳ್ಳಗೆ ಉಪ್ಪು. ಚಾಲೂ ಮಾಡುವ ಹಗ್ಗ ಎಳೆದರೆ ಅಲ್ಲಾಡಲಿಲ್ಲ, ಪಿಸ್ಟನ್ ಕಚ್ಚಿಕೊಂಡಿತ್ತು.

"ನೀರಿಂದ ತೆಗೆದ ಮ್ಯಾಲ ಏನ್ ಮಾಡಿದಿಬೇ?"

"ಬಿಸಿಲಿಗೆ ಒಣಾ ಹಾಕಿದೆ. ಕಾಲುವ್ಯಾಗ ಬಿದ್ದ ಇಂಜಿನ್ ನೀ ಹಂಗೇ ಒಣಗಸ್ತೀಯಲ್ಲ. ಅಲ್ಲಿಯವರು ಸಿಹಿನೀರಿನ ಡ್ರಮ್ಮಿನ್ಯಾಗ ಮುಳಗಿಸಿಡು ಅಂದ್ರು. ಮುಳುಗಿದ್ದನ್ನ ಮತ್ತ ಮುಳಗಸ್ತಾರೇನು ಅಂತ ನಕ್ಕೆ."

"ಉಪ್ಪು ತಿಂದದ್ದು ನೀರು ಕುಡೀಬೇಕಲ್ಲ, ಹುಚ್ಚಿ," ಎಂದೆ.

ಕಾಲುವೆ ಬಯಲಿನಲ್ಲಿ ಬೆಳೆದವರಷ್ಟೇ ಮಾಡುವ ತಪ್ಪು ಅದು. ನಮ್ಮ ನೀರು ಆರಿದರೆ ಮಣ್ಣು ಉಳಿಯುತ್ತದೆ, ಒರೆಸಿದರಾಯಿತು. ಕಡಲ ನೀರು ಆರಿದರೆ ಉಪ್ಪು ಕೂತು ಲೋಹವನ್ನೇ ತಿನ್ನುತ್ತದೆ.

ಬಿಸಿನೀರಿನಲ್ಲಿ ತೊಳೆದೆವು. ಪ್ಲಗ್ ತೆಗೆದು ಆ ತೂತಿನಲ್ಲಿ ಡೀಸೆಲ್ಲು, ಎಣ್ಣೆ ಹೊಯ್ದು ನೆನೆಯಲು ಬಿಟ್ಟೆವು. ಹಲ್ಲುಜ್ಜುವ ಬ್ರಷ್ಷಿನಿಂದ ಅವಳೇ ಕಾರ್ಬುರೇಟರ್ ತಿಕ್ಕಿದಳು. "ಮಸ್ಕಿ ಹಳ್ಳದಾಗ ದೋಣಿ ಬಿಡಾಕತ್ತೀರೇನ್ರೀ ಉಸ್ತಾದ್?" ಎಂದು ಚಹಾದಂಗಡಿಯವನು ದಿನವೂ ಕೆಣಕುತ್ತಿದ್ದ. ಹಿಂದಿನ ಕೋಣೆಯಲ್ಲಿ ಅವಳು ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತ ನಾನು ತಾಸಿನ ಕೆಲಸವನ್ನು ಸಂಜೆಯವರೆಗೆ ಎಳೆಯುತ್ತಿದ್ದೆ. ಆದರೂ ಒಂದು ಮುಂಜಾನೆ ಪಿಸ್ಟನ್ ಸಡಿಲಾಯಿತು.

ಹೊಸ ಪ್ಲಗ್ ಹಾಕಿ, ಕಾಲುವೆ ನೀರು ತುಂಬಿದ ಡ್ರಮ್ಮಿನ ಅಂಚಿಗೆ, ಕೆಳಗಿನ ಫ್ಯಾನಷ್ಟೇ ನೀರಿನಲ್ಲಿರುವಂತೆ, ಇಂಜಿನ್ನನ್ನು ಸಿಕ್ಕಿಸಿದೆ. ಚಾಲೂ ಆಗದಿರಲಿ ಎಂದು ಮನಸ್ಸು ಬೇಡುತ್ತಿತ್ತು. ಹಗ್ಗ ಎಳೆದೆ. ಜೀವಮಾನದಲ್ಲಿ ಅಷ್ಟು ಮೆತ್ತಗೆ ಎಳೆದವನಲ್ಲ.

"ಉಂಡಿಲ್ಲೇನು? ಕೊಡು ಇಲ್ಲಿ," ಎಂದು ಹಗ್ಗದ ಹಿಡಿ ಕಸಿದುಕೊಂಡು ಅವಳೇ ಜಗ್ಗಿದಳು. ಇಂಜಿನ್ ಕೆಮ್ಮಿತು, ಹೊಗೆ ಉಗುಳಿತು, ಗುರ್ರೆಂದು ಓಡತೊಡಗಿತು. ಅವಳು ಫೋನನ್ನು ಅದರ ಹತ್ತಿರ ಹಿಡಿದು ಗಂಡನಿಗೆ ಕೇಳಿಸಿದಳು. ನಾಳೆ ಬರುತ್ತೇನೆ ಎಂದೂ ಹೇಳಿದಳು.

ಸ್ವಲ್ಪ ಹೊತ್ತಾದ ಮೇಲೆ, "ಸಾಕಲ್ಲ, ಆರಿಸು," ಎಂದಳು.

"ಒಳಗಿನ ತೇವ ಹೋಗಬೇಕು."

"ತೇವ ಯಾವಾಗೋ ಹೋಗೇತಿ. ನಾ ಹೋಗೋದು ನಿನಗ ಬ್ಯಾಡಾಗೇತಿ, ಹೌದಲ್ಲ?"

"ಹೌದು. ಬ್ಯಾಡಾಗೇತಿ."

ಅವಳು ನನ್ನ ಪಕ್ಕ ನೆಲದ ಮೇಲೆ ಕೂತಳು. ಟ್ಯಾಂಕಿನ ಪೆಟ್ರೋಲ್ ತೀರಿ ಇಂಜಿನ್ ತಾನೇ ನಿಲ್ಲುವವರೆಗೂ ನಾವಿಬ್ಬರೂ ಏಳಲಿಲ್ಲ.