ಲಾರಿ ಟೈರಿನೊಳಗಿನ ಕೋಳಿ

ಸಾಯುವ ಹಿಂದಿನ ದಿನವೂ ನನ್ನ ಗಂಡ ಮುತಿಸೊ, ಆಥಿ ನದಿಯ ದಂಡೆಯಲ್ಲಿ ಮುಚ್ಚಿದ ಹಂಡೆಯೊಳಗೆ ಹಳೆ ಟೈರು ಬೇಯಿಸಿ ಎಣ್ಣೆ ಇಳಿಸುತ್ತಿದ್ದ. ಎಣ್ಣೆ ಬೇಕರಿಯ ಒಲೆಗೆ, ತಂತಿ ಗುಜರಿಗೆ, ಮಸಿ ಇಟ್ಟಿಗೆಯವನಿಗೆ. ಗಿರಾಕಿ ಸಿಕ್ಕಿದ್ದರೆ ಹೊಗೆಯನ್ನೂ ಮಾರುತ್ತಿದ್ದ. ಅಂಥ ಜಿಪುಣ ಎಲ್ಲಕ್ಕಿಂತ ದೊಡ್ಡ ಲಾರಿ ಟೈರನ್ನು ಮಾತ್ರ ಮುಟ್ಟಲಿಲ್ಲ. ಅದರೊಳಗೆ ನಮ್ಮ ಕೋಳಿ ಕಾವಿಗೆ ಕೂತಿತ್ತು. "ಒಂದು ಡಬ್ಬ ಎಣ್ಣೆ ಹೋಯ್ತಲ್ಲೋ," ಎಂದ ಎಣ್ಣೆ ಕೊಳ್ಳುವ ಕಿಲೊಂಜೊ. "ಬಾಣಂತೀನ ಯಾರಾದ್ರೂ ಎಬ್ಬಿಸ್ತಾರೇನೋ? ಮರಿ ಆಗ್ಲಿ ತಡಿ," ಎಂದ ಇವನು. ಮಾರನೆಯ ದಿನ ಇನ್ನೂ ಆರದ ಹಂಡೆಯ ಮುಚ್ಚಳ ತೆಗೆದ, ಬೆಂಕಿ ಮುಖಕ್ಕೆ ನುಗ್ಗಿ ಸತ್ತ. ಮರಿಗಳು ದೊಡ್ಡವಾದವು, ಕೋಳಿಯನ್ನೂ ಮಾರಿದೆ. "ಅಕ್ಕಾ, ಆ ಟೈರು ಕೊಡು," ಎಂದು ಕಿಲೊಂಜೊ ಈಗಲೂ ಕೇಳುತ್ತಾನೆ. "ಕೋಳಿ ಕೂತಿದೆ ಕಣಪ್ಪ," ಅನ್ನುತ್ತೇನೆ. ಬೆಳಿಗ್ಗೆ ಎದ್ದ ಕೂಡಲೇ ಅದರೊಳಗೆ ಹೊಸ ಹುಲ್ಲು ಹಾಸುತ್ತೇನೆ.